ನಲವತ್ತಾರನೆಯ ಶಬ್ದ

"ವಾಪಸ್ ಬಂತು," ಅಂದಳು ಅಕ್ಕ.

ಬುಗುರಿ ಕುರ್ಚಿಯಲ್ಲಿ ಗಿರಗಿರ ಸುತ್ತುತ್ತಿದ್ದಳು. ಅವಳಿಗೆ ಆ ಹೆಸರು ಬಂದದ್ದೇ ಹಾಗೆ. ಕಾಲೂರಿ ಗಕ್ಕನೆ ನಿಂತಳು. "ಏನು ವಾಪಸ್?"

"ನಿನ್ನ ಸಂಗೀತದ ಪ್ರೋಗ್ರಾಂ."

ಕಂಪ್ಯೂಟರಿನಲ್ಲಿ ಬಗೆಬಗೆಯ ಶಬ್ದ ಜೋಡಿಸಿ ರಾಗ ಕಟ್ಟಲು ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಪ್ರೋಗ್ರಾಂ ಅದು. ಲಿನಕ್ಸ್ ಕಂಪ್ಯೂಟರುಗಳಿಗೆ ಒಗ್ಗುವಂತೆ ಅಕ್ಕ ಅದರ ಪ್ಯಾಕೇಜ್ ಕಟ್ಟಿ ಕಳಿಸಿದ್ದಳು. ಅಂಥ ಪ್ಯಾಕೇಜುಗಳನ್ನು ನೋಡುವ ತಪಾಸಣೆಯವರು ಒಪ್ಪಿದರೆ ಮಾತ್ರ ಅದು ಶಾಲೆಯ ಕಂಪ್ಯೂಟರಿಗೆ ಇಳಿಯುವುದು. ಶುಕ್ರವಾರ ತರಗತಿಯಲ್ಲಿ ಬುಗುರಿ ಅದರಲ್ಲಿ ತನ್ನದೇ ರಾಗ ಕೇಳಿಸಬೇಕಿತ್ತು.

"ಯಾಕಂತೆ?"

"ಅದರೊಳಗೆ ಶಬ್ದ ನಲವತ್ತಾರಿವೆ, ಹೆಸರು ನಲವತ್ತೈದೇ ಇದೆಯಂತೆ. ಸೈಕಲ್ ಬೆಲ್ ಯಾರದು ಅಂತ ಕೇಳಿದ್ದಾರೆ."

ಒಂದೊಂದು ಶಬ್ದವನ್ನೂ ಒಬ್ಬೊಬ್ಬರು ಕೊಟ್ಟಿದ್ದರು. ಕೊಟ್ಟವರ ಹೆಸರಿನ ಪಟ್ಟಿ ಬರೆಯುವ ಕೆಲಸ ಬುಗುರಿಯದು. ಕೊನೆಯದಕ್ಕೆ ಬರುವಷ್ಟರಲ್ಲಿ ಸಾಕುಸಾಕಾಗಿತ್ತು. ಒಂದು ಹೆಸರು ಇಲ್ಲದಿದ್ದರೆ ಆಕಾಶ ಕಳಚಿ ಬೀಳುತ್ತದಾ ಎಂದು ಬಿಟ್ಟಿದ್ದಳು.

"ಅಕ್ಕಾ... ಅದು ನಾನೇ ಬಿಟ್ಟದ್ದು. ಬೇಕಂತಲೇ."

ಅಕ್ಕ ಅವಳನ್ನೇ ನೋಡಿದಳು. "ನಾನೂ ಎಣಿಸಲಿಲ್ಲ, ಬಿಡು ಮಹಾರಾಯ್ತಿ. ಬಾ, ಹುಡುಕು."

ಫೋಲ್ಡರೊಳಗೆ ಫೋಲ್ಡರು. ಎಲ್ಲದರ ತಳದಲ್ಲಿ ಚೀಟಿಯಂಥ ಒಂದು ಪುಟ್ಟ ಫೈಲು. ಅಕ್ಕ ಅದನ್ನು ಓದಿ ಹೇಳಿದಳು:

"ನಾನು ಮನೆಮನೆಗೆ ಅಂಚೆ ಹಂಚುವವಳು. ಇದು ನನ್ನ ಸೈಕಲ್ ಬೆಲ್. ಒಂಬತ್ತು ಸಲ ಬಾರಿಸಿ ರೆಕಾರ್ಡ್ ಮಾಡಿದೆ. ಎಂಟು ಸಲ ಪಕ್ಕದ ಮನೆ ನಾಯಿ ಬೊಗಳಿತು. ಯಾರು ಬೇಕಾದರೂ ಬಳಸಿ. ನನ್ನ ಹೆಸರು ಹೇಳಿದರೆ ಸಾಕು."

ಬುಗುರಿ ಕಿಸಕ್ಕನೆ ನಕ್ಕಳು. ಆಮೇಲೆ ಚೀಟಿಯನ್ನು ತಾನೇ ಇನ್ನೊಮ್ಮೆ ಓದಿದಳು. ಅವಳ ರಾಗ ಶುರುವಾಗುವುದೇ ಆ ಬೆಲ್ಲಿನಿಂದ.

"ಬೆಲ್ ಕೊಟ್ಟಿದ್ದಕ್ಕೆ ಅಷ್ಟೇನಾ ಅವರು ಕೇಳಿರೋದು?"

"ಅಷ್ಟೇ."

ಬುಗುರಿ ಕೀಬೋರ್ಡ್ ಹತ್ತಿರ ಎಳೆದುಕೊಂಡಳು. ಒಂದೊಂದೇ ಅಕ್ಷರ ಒತ್ತಿ ಚೀಟಿಯ ಕೊನೆಯಲ್ಲಿದ್ದ ಹೆಸರು ಬರೆದಳು. ಸರಿಯಿದೆಯಾ ಎಂದು ಎರಡೆರಡು ಸಲ ನೋಡಿದಳು. ಪಟ್ಟಿಯನ್ನು ಮೊದಲಿನಿಂದ ಎಣಿಸಿದಳು. ಆಮೇಲೇ ಅಕ್ಕ ಕಳಿಸಿದ್ದು.

ಗುರುವಾರ ಸಂಜೆ ಒಪ್ಪಿಗೆ ಬಂತು.

ಶುಕ್ರವಾರ ತರಗತಿಯಲ್ಲಿ ಬೆಲ್ ಟ್ರಿಣ್ ಅಂದಿತು, ಡೋಲು ಬಡಿಯಿತು, ರಾಗ ಓಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಎಲ್ಲಾ ನೀನೊಬ್ಬಳೇ ಮಾಡಿದ್ದಾ?" ಟೀಚರ್ ಕೇಳಿದರು.

"ರಾಗ ನಂದು ಟೀಚರ್." ಬುಗುರಿ ಪಟ್ಟಿ ತೆರೆದಳು. ಬೆಲ್ ಕೊಟ್ಟ ಅಂಚೆಯವರ ಹೆಸರು ಓದಿದಳು. ಡೋಲಿನವರ ಹೆಸರು ಓದಿದಳು.

"ಇನ್ನೂ ಎಷ್ಟು ಜನ ಇದ್ದಾರೆ ಮಾರಾಯ್ತಿ?" ಪಕ್ಕದ ಬೆಂಚಿನವಳು ಆಕಳಿಸಿದಳು.

"ನಲವತ್ನಾಲ್ಕು," ಎಂದು ಬುಗುರಿ ಮುಂದಿನ ಹೆಸರು ಓದಿದಳು.