ಬಂಡೆಗೆ ಒರಗಿ ಓದಿದ್ದು

ಮಧುಗಿರಿಯ ನಮ್ಮ ಹಾಸ್ಟೆಲ್ಲಿನ ಓದುಕೋಣೆಗೆ ಹಿಂದಿನ ಗೋಡೆಯಿಲ್ಲ, ಬೆಟ್ಟದ ಬಂಡೆಯೇ ಗೋಡೆ. ಈ ಸೆಮಿಸ್ಟರಿನಲ್ಲೂ ಅರ್ಥಶಾಸ್ತ್ರ ಫೇಲಾದರೆ ನನ್ನ ಓದು ಮುಗಿದಂತೆಯೇ. ಸುಡು ಮಧ್ಯಾಹ್ನಗಳಲ್ಲಿ ಬಂಡೆಗೆ ಒರಗಿ ಜೋರಾಗಿ ಓದುತ್ತಿದ್ದೆ. ಹೊರಗೆ ಕಾದ ಕಲ್ಲು ಒಳಗೆ ಒದ್ದೆ ಬಟ್ಟೆಯಂತೆ ತಣ್ಣಗಿರುತ್ತಿತ್ತು. ಒಂದು ದಿನ ಬೇಡಿಕೆಯ ನಿಯಮ ತಪ್ಪು ಹೇಳಿದಾಗ ಬೆನ್ನ ಹಿಂದೆ ಮುದುಕಿಯ ದನಿ ಕೇಳಿತು.

“ಅಂಗಲ್ಲ ಕಣಮ್ಮಿ, ಇನ್ನೊಂದ್ಸಲ ಯೋಳು.”

ಹೆದರಿದೆ. ಆದರೂ ಹೇಳಿದೆ. ದಿನವೂ ಹಾಗೇ ಆಯಿತು.

“ಬಂಡೆಗೆ ಬಾಯಿ ಬಂತೇನೇ?” ಎಂದು, ಇದನ್ನು ಹೇಳಿದಾಗ ರೂಮಿನ ಗೆಳತಿ ಸ್ಪಂದನಾ ನಕ್ಕಳು.

ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತು. ಒಬ್ಬಳೇ ಹೋಗಿ ಬಂಡೆಗೆ ಹಣೆ ಹಚ್ಚಿ, “ನಿನ್ನಿಂದ ಪಾಸಾದೆ ಕಣಜ್ಜಿ” ಎಂದೆ.

“ಆ ನಗೋಳ್ನೂ ಕರ್ಕಂಬಾ. ಅವಳ್ದು ಇಂಗ್ಲೀಷು ಉಳ್ಕಂಡೈತೆ.”

ತನ್ನದೆಲ್ಲ ಪಾಸೆಂದು ಸ್ಪಂದನಾ ನಮಗೆಲ್ಲ ಸಿಹಿ ಹಂಚಿದ್ದಳು. ಹೋಗಿ ವಿಷಯ ಹೇಳಿದೆ. ಅವಳು ಇಂಗ್ಲಿಷ್ ಪುಸ್ತಕ ಹಿಡಿದು ಓದುಕೋಣೆಗೆ ನಡೆದಳು.