ಹದಿನಾಲ್ಕನೇ ನಂಬರಿನ ಬೀಗ

ಜೂನ್ ಹನ್ನೊಂದರ ಬೆಳಿಗ್ಗೆ ಒಂಬತ್ತೂ ಕಾಲಿಗೆ ಆಂಧ್ರದ ಅಚ್ಯುತಾಪುರಂ ಠಾಣೆಗೆ ಬಂದ ಮಾನಸ ಕುರ್ಚಿ ಕೊಟ್ಟರೂ ಕೂರಲಿಲ್ಲ. ಹಿಂದಿನ ಮಧ್ಯಾಹ್ನ ಔಷಧ ಕಾರ್ಖಾನೆಯಲ್ಲಿ ಕರೆಂಟು ಹೊಡೆದು ಸತ್ತ ಎಲೆಕ್ಟ್ರಿಷಿಯನ್ ಗುರುದತ್ತನ ಹೆಂಡತಿ, ರಾಯಚೂರಿನವಳು.

"ಬೀಗ ಹಾಕಲಾರದ ಕೆಲಸ ಮಾಡ್ಯಾನ, ತಪ್ಪು ಅವಂದ ಅಂತ ಕಂಪನಿಯೋರು ಬರದಾರ್ರಿ. ಮನ್ಯಾಗ ಬಲ್ಬ್ ಹಾಕಬೇಕಂದ್ರೂ ಮೇನ್ ಆಫ್ ಮಾಡಿ ನನ್ನ ಅಲ್ಲಿ ಕಾವಲು ನಿಲ್ಲಿಸಾಂವ್ರಿ ಅಂವ."

ಇನ್ಸ್‌ಪೆಕ್ಟರ್ ಮಾಧವೀಲತಾಳ ತಾಯಿ ಬಳ್ಳಾರಿಯವರು. ಕನ್ನಡದ ಆ ಮಾತು ನೇರ ಎದೆಗೆ ನಾಟಿತು. ಎಫ್‌ಐಆರ್ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ದುರ್ಗಾಭವಾನಿ ತನ್ನ ಡಬ್ಬಿಯ ಮೊಸರನ್ನವನ್ನು ಸದ್ದಿಲ್ಲದೆ ಮಾನಸಳತ್ತ ಸರಿಸಿದಳು.

ಪಂಚನಾಮೆಯ ಒಂದು ಸಾಲಿನಲ್ಲಿ ಮಾಧವೀಲತಾಳ ಕಣ್ಣು ನಿಂತಿತು: ಮೃತನ ಜೇಬಿನಲ್ಲಿ ಬೀಗದ ಕೈ, ನಂಬರ್ ಹದಿನಾಲ್ಕು.

ಹತ್ತೂವರೆಗೆ ಅವಳು ಕಾರ್ಖಾನೆಯಲ್ಲಿದ್ದಳು. ಅಲ್ಲಿ ಪ್ರತಿ ಎಲೆಕ್ಟ್ರಿಷಿಯನ್‌ಗೂ ಒಂದೊಂದು ಬೀಗ. ಸ್ವಿಚ್ ಆರಿಸಿ, ಅದಕ್ಕೆ ತನ್ನ ಬೀಗ ಜಡಿದು, ಕೀಲಿಕೈಯನ್ನು ಜೇಬಿಗಿಟ್ಟುಕೊಂಡರೆ ಅವನು ಬರುವವರೆಗೆ ಬೇರೆ ಯಾರೂ ಕರೆಂಟು ಕೊಡುವಂತಿಲ್ಲ. ಗುರುದತ್ತ ರಿಪೇರಿ ಮಾಡುತ್ತಿದ್ದ ಮೋಟರಿನ ಸ್ವಿಚ್ಚಿನ ಮೇಲೆ ಬೀಗವೇ ಇರಲಿಲ್ಲ.

ಸ್ಟೋರಿನ ಸೂರ್ಯಪ್ರಕಾಶ ಅಂಥದೇ ಇನ್ನೊಂದು ಬೀಗ ತೋರಿಸಿದ. ಬಾಯಿ ತೆರೆದಿದ್ದಾಗ ಅದರ ಕೀಲಿಕೈ ಎಷ್ಟು ಎಳೆದರೂ ಈಚೆಗೆ ಬರಲಿಲ್ಲ. ಒತ್ತಿ ಮುಚ್ಚಿದಳು, ಬಂತು.

"ಗುರುದತ್ತನ ಜೇಬಲ್ಲಿ ಕೀಲಿಕೈ ಮಾತ್ರ ಇತ್ತು. ಅಂದ್ರೆ ಅವನು ಬೀಗ ಹಾಕಿದ್ದ. ಅದನ್ನ ಕತ್ತರಿಸೋ ಕಟರ್ ನಿನ್ನೆ ಯಾರು ತಗೊಂಡಿದ್ರು?"

ಅವನು ತಲೆ ತಗ್ಗಿಸಿ ರಿಜಿಸ್ಟರ್ ತೆರೆದ. ೨.೨೦ಕ್ಕೆ ಪ್ರೊಡಕ್ಷನ್ ಮ್ಯಾನೇಜರ್ ಕಾಮೇಶ್ವರ, ವಾಪಸು ೨.೫೦. ಸಾವು ಎರಡೂವರೆಗೆ.

"ನಿನ್ನೆ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ ಮೇಡಂಗಾರು."

"ಬಾಯಿ ಇರೋದು ಟೀ ಕುಡಿಯೋಕೆ ಮಾತ್ರಾನಾ?"

ಕಾಮೇಶ್ವರ ರಜೆ ಹಾಕಿ ವಿಜಯವಾಡದ ಅಕ್ಕನ ಮನೆಗೆ ಹೋಗಿದ್ದ. ಸಂಜೆ ೬.೪೦ಕ್ಕೆ ಜೀಪು ಅಲ್ಲಿನ ಭವಾನಿಪುರಂ ಬಡಾವಣೆ ತಲುಪಿತು. ವಿಷಯ ತಿಳಿಯದ ಅಕ್ಕ ಪೊಲೀಸರಿಗೂ ನೀರು ತಂದಿಟ್ಟಳು. ತಮ್ಮನ ಲ್ಯಾಪ್‌ಟಾಪ್ ಚೀಲದಲ್ಲಿ ತುಂಡಾದ ಕೆಂಪು ಬೀಗವಿತ್ತು, ನಂಬರ್ ಹದಿನಾಲ್ಕು. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ ಗುರುದತ್ತನ ಫೋಟೋ, ಕೆಳಗೆ 'ನಾನು ಕೆಲಸದಲ್ಲಿದ್ದೇನೆ'.

"ಎಸೆಯೋಕೆ ಕೈ ಬರಲಿಲ್ಲ," ಎಂದ ಕಾಮೇಶ್ವರ.

"ಮೋಟರ್ ಹತ್ರ ಹೋಗಿ ನೋಡಿದ್ರಾ?"

"ರಿಪೇರಿ ಮುಗಿಸಿ, ಬೀಗ ಮರೆತು ಊಟಕ್ಕೆ ಹೋಗಿದ್ದಾನೆ ಅಂದ್ಕೊಂಡು ಸ್ವಿಚ್ ಹಾಕಿದೆ."

"ಒಂದು ಸಲ ಕೂಗಿದ್ರಾ?"

"ಇಲ್ಲ. ಮೋಟರ್ ಓಡದೆ ಸರಕು ತಯಾರಾಗ್ತಿರಲಿಲ್ಲ, ಆರು ಗಂಟೆಗೆ ಕಂಟೇನರ್ ಬಂದರಿನ ಗೇಟು ದಾಟಬೇಕಿತ್ತು ಮೇಡಂ."

"ಅವನ ಮುಖ ಇಲ್ಲೇ ಇದೆಯಲ್ಲ!" ಅವಳು ಚೀಟಿಯನ್ನು ಅವನ ಕಣ್ಣೆದುರು ಹಿಡಿದಳು.

"ನೋಡಲಿಲ್ಲ. ಗಡಿಯಾರ ನೋಡ್ತಿದ್ದೆ."

೭.೧೦ಕ್ಕೆ ಬಂಧನ. ಮಾಧವೀಲತಾ ಅಂಗಳಕ್ಕೆ ಬಂದು ಮಾನಸಳಿಗೆ ಫೋನು ಮಾಡಿದಳು.

"ನಿನ್ನ ಗಂಡ ಬೀಗ ಹಾಕಿದ್ದ ಕಣಮ್ಮಾ."

"ಅದನ್ನ ಕಾಗದದಾಗ ಬರದು ಕೊಡ್ತೀರೇನ್ರಿ?"

"ಬರೀತೀನಮ್ಮಾ."

ಜೀಪಿನಲ್ಲಿ ಕಾಮೇಶ್ವರ ತಾನಾಗಿಯೇ ಮಾತಾಡಿದ. ಹಿಂದಿನ ತಿಂಗಳು ಸರಕಿಗೆ ಒಂದು ಹಡಗು ತಪ್ಪಿದ್ದಕ್ಕೆ ಮೀಟಿಂಗಿನಲ್ಲಿ ಮೇಲಿನವರು ಅವನನ್ನು ಅರ್ಧ ಗಂಟೆ ನಿಲ್ಲಿಸಿ, ಕಿರಿಯರೆದುರು ಬೈದಿದ್ದರು. ಇನ್ನೊಮ್ಮೆ ಹಾಗೆ ನಿಲ್ಲಲು ಅವನಿಂದಾಗುತ್ತಿರಲಿಲ್ಲ.

"ಬೈದವರ ಹೆಸರೇನು?" ಎಂದು ಕೇಳಿ ಮಾಧವೀಲತಾ ನೋಟ್‌ಬುಕ್ಕಿನ ಹೊಸ ಹಾಳೆ ತಿರುವಿದಳು.