ಹಾಜರಿಯಲ್ಲಿ ಕರೆಯದ ಹೆಸರು

"ಒಂದೇ ಪುಟದಾಗ ಹನ್ನೊಂದು ತಪ್ಪು. ಹನ್ನೊಂದೂ ಒಂದೇ ತಪ್ಪು. ಇದನ್ನ ಬರೆದವರು ಯಾರು?"

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. ಬಿಸಿಲಿಗೆ ಕಂದಿದ ಮುಖ, ಅಂಗಿಯ ತೋಳಿನ ಮೇಲೆ ಬಾಳೆಯ ಕರೆ. ಹಂಪಿಯ ಅಂಜಿನಿ.

ಗೈಡ್ ಪರೀಕ್ಷೆಗೆ ಕೂರುವವರಿಗೆ ಇಂಗ್ಲಿಷ್ ಕಲಿಸಲು ಅರ್ಚಿತಾ ಹೊಸಪೇಟೆಯ ಆ ತರಗತಿಗೆ ಬಂದು ಎರಡೇ ದಿನವಾಗಿತ್ತು. ದನಿಯಲ್ಲಿ ಬೇಕೆಂದೇ ಬಿಗಿ ತಂದುಕೊಂಡಿದ್ದಳು, ಪಾಪ.

"ಐ ಅಂದ್ರ ನಾನು. ವಾಕ್ಯದ ನಡುವೆ ಬಂದ್ರೂ ದೊಡ್ಡಕ್ಷರ. ಯೂ ಅಂದ್ರ ನೀವು. ಅದು ನಡುವೆ ಬಂದ್ರ ಸಣ್ಣಕ್ಷರ. ನೀವು ಎರಡೂ ಉಲ್ಟಾ ಬರದೀರಿ."

"ಗೊತ್ತೈತ್ರಿ ಟೀಚರ್. ಆದ್ರ ನನ್ನ ನಾನ ದೊಡ್ಡದು ಮಾಡ್ಕೊಂಡು, ಎದುರಿಗಿದ್ದೋರನ್ನ ಸಣ್ಣದು ಮಾಡಾಕ ಕೈ ಬರವಲ್ದು."

ಎಲ್ಲರೂ ನಕ್ಕರು. ಅರ್ಚಿತಾ ಮಾತ್ರ ನಗಲಿಲ್ಲ. 'ಎಂಥಾ ಮನುಷ್ಯರಪ್ಪ ಇವರು...' ಎಂದುಕೊಂಡು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದಳು. ಮನಸ್ಸಿಗೆ ಹಾಕಲು ಮುಚ್ಚಳ ಎಲ್ಲಿತ್ತು?

ಎರಡು ತಿಂಗಳು ಅವನು ಒಂದು ದಿನವೂ ತಪ್ಪಿಸಲಿಲ್ಲ. ತನ್ನ ಅವ್ವ ಚೆನ್ನಬಸಮ್ಮನ ಬಗ್ಗೆ ಬರೆಯುವಾಗ 'ಶೀ' ಎಂಬುದನ್ನು ದೊಡ್ಡಕ್ಷರದಲ್ಲೇ ಬರೆಯುತ್ತಿದ್ದ. ಅವಳು ತಿದ್ದುತ್ತಿದ್ದಳು, ಅವನು ನಗುತ್ತಿದ್ದ. ಆ ನಗುವನ್ನು ಅವಳು ಬಸ್ಸಿನಲ್ಲಿ ಚಿತ್ತವಾಡ್ಗಿಯ ಮನೆಯವರೆಗೂ ಹೊತ್ತೊಯ್ಯುತ್ತಿದ್ದಳು.

ಒಂದು ಸಂಜೆ ಮನೆಯಲ್ಲಿ ತರಗತಿಯ ಸುದ್ದಿ ಹೇಳುತ್ತಿದ್ದಾಗ ತಾಯಿ ಗೋದಾಬಾಯಿ ತಟ್ಟನೆ ಕೇಳಿದರು. "ಆಗಿನಿಂದ ಅವರು, ಅವರು ಅನ್ನಲಿಕ್ಕತ್ತಿ. ಅವರಿಗೆ ಹೆಸರಿಲ್ಲೇನು?"

ಅರ್ಚಿತಾಗೆ ಎದೆ ಧಸಕ್ಕೆಂದಿತು. ಮದುವೆಯಾಗಿ ಮೂವತ್ತು ವರ್ಷವಾದರೂ ತಾಯಿ ಗಂಡನ ಹೆಸರನ್ನು ಒಮ್ಮೆಯೂ ಬಾಯಿ ಬಿಟ್ಟು ಹೇಳಿದವರಲ್ಲ. ಬ್ಯಾಂಕಿನವರು ಕೇಳಿದರೂ ಮಗಳ ಕಡೆ ನೋಡುತ್ತಿದ್ದರು. ಮಗಳೇ 'ಗೋಪೀನಾಥ' ಎಂದು ಹೇಳಬೇಕಿತ್ತು.

ಮರುದಿನ ಹಾಜರಿ ಕರೆಯುವಾಗ ಗವಿಸಿದ್ದಪ್ಪ ಎಂದಳು, ಮಲ್ಲೇಶ್ ಎಂದಳು. ಅದರ ಕೆಳಗಿದ್ದ ಅಂಜಿನಿಯ ಹೆಸರಿಗೆ ನಾಲಿಗೆ ಏಳಲೇ ಇಲ್ಲ. ತಲೆಯೆತ್ತದೆ ಗುರುತು ಹಾಕಿ ಮುಂದಿನ ಹೆಸರಿಗೆ ಹೋದಳು. ಅದರ ಮರುದಿನವೂ ಹಾಗೇ... ಅದರಾಚೆ ದಿನವೂ.

ನಾಲ್ಕನೆಯ ದಿನ ಹಿಂದಿನ ಬೆಂಚು ಖಾಲಿಯಿತ್ತು. ವಾರವಿಡೀ ಖಾಲಿಯಾಗಿಯೇ ಉಳಿಯಿತು. ಪಾಠದ ನಡುವೆ ಅವಳ ಕಣ್ಣು ನೂರು ಸಲ ಬಾಗಿಲಿಗೆ ಹೋಗಿ ಬರುತ್ತಿತ್ತು. ಮನೆಯಲ್ಲಿ ಕೂತರೆ ನಿಲ್ಲಬೇಕು, ನಿಂತರೆ ಎಲ್ಲಿಗಾದರೂ ಹೋಗಬೇಕು ಎನಿಸುತ್ತಿತ್ತು.

ಶನಿವಾರ ತಡೆಯಲಾರದೆ ಮಲ್ಲೇಶನನ್ನು ಕೇಳಿದಳು.

"ಎಲ್ಲಾರ ಹೆಸರು ಕರೀತಾರ, ತೋಟದಾಗ ದುಡಿಯೋನ ಹೆಸರಂದ್ರ ಟೀಚರ್‌ಗೆ ಅಸಹ್ಯ ಅಂತ ಭಾಳ ನೊಂದ್ಕೊಂಡಾನ್ರಿ. ಸೋಮವಾರ ಪರೀಕ್ಷಾಕೂ ಬರಾಂಗಿಲ್ಲಂತ."

ಅಸಹ್ಯ... ಅವಳಿಗೆ ಅಳುವೇ ಬಂದುಬಿಟ್ಟಿತು. ಪರೀಕ್ಷೆ ತಪ್ಪಿದರೆ ಇನ್ನು ಎರಡು ವರ್ಷ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಅವನು ಹಾಗೆ ತಿಳಿದೇ ದೂರವಾದರೆ?

ಭಾನುವಾರ ಬೆಳಿಗ್ಗೆಯೇ ಹಂಪಿಯ ಆಟೋ ಹತ್ತಿದಳು. ತೋಟದಲ್ಲಿ ಅಂಜಿನಿ ಬಾಳೆಗೆ ನೀರು ತಿರುಗಿಸುತ್ತಿದ್ದ. ಅವಳ ಕೈಯಲ್ಲಿದ್ದ ಹಾಜರಿ ಪುಸ್ತಕ ನೋಡಿ ಮುಖ ತಿರುಗಿಸಿದ.

"ನನ್ನ ಹೆಸರು ತೆಗೆದು ಹಾಕಾಕ ಇಷ್ಟು ದೂರ ಬರ್ಬೇಕಿತ್ತೇನ್ರಿ?"

"ನಮ್ಮಮ್ಮ ನಮ್ಮಪ್ಪನ ಹೆಸರು ಹೇಳೂದಿಲ್ಲ. ಯಾವಾಗ್ಲೂ ಅವರು ಅಂತಾಳ." ಅವಳು ಪುಸ್ತಕವನ್ನು ಎದೆಗೊತ್ತಿಕೊಂಡಳು. "ನಿಮ್ಮ ಹೆಸರು ಬಂದ ಕೂಡ್ಲೇ ನನ್ನ ನಾಲಿಗೀಗೂ ಹಂಗ ಆಗ್ಲಿಕ್ಕತ್ತದ. ಅಸಹ್ಯಕ್ಕಲ್ಲ... ನಾ ಏನು ಮಾಡ್ಲಿ, ಹೇಳ್ರಿ?"

ಅಂಜಿನಿಯ ಕೈಯಿಂದ ಸಲಿಕೆ ಕೆಸರಿಗೆ ಬಿತ್ತು. ನೀರು ಬೇರೆ ಸಾಲಿಗೆ ಹರಿದು ಹೋಗುತ್ತಿದ್ದರೂ ಅವನಿಗೆ ಅದರ ಪರಿವೆ ಇರಲಿಲ್ಲ.

"ನಿಮ್ಮ ಮನ್ಯಾಗ ಒಪ್ತಾರೇನ್ರಿ?" ಸಲಿಕೆಯನ್ನೂ ಎತ್ತದೆ ಕೇಳಿದ.

"ಜಗಳ ಆಗ್ತದ. ಅದನ್ನ ನಾ ನೋಡ್ಕೋತೀನಿ. ನೀವು ನಾಳೆ ಪರೀಕ್ಷಾಕ್ಕ ಬರ್ರಿ."

"ಬರ್ತೀನಿ. ಆದ್ರ ಒಂದ್ಸಲ ನಿಮ್ಮ ಬಾಯ್ಲೆ ಕರೀಬೇಕು. ಆಮ್ಯಾಲೆ ಬೇಕಾದ್ರ ಜೀವನಪೂರ್ತಿ ಅವರು ಅನ್ರಿ."

ಅರ್ಚಿತಾ ಬದುವಿನ ಮೇಲೆ ನಿಂತು ಪುಸ್ತಕ ತೆರೆದಳು. ಅಕ್ಷರಗಳು ಕಣ್ಣೀರಿನಲ್ಲಿ ಕಲಸಿಹೋಗಿದ್ದವು. ಆದರೂ ಆ ಹೆಸರನ್ನು ನೋಡಿ ಓದಬೇಕಾಗಿಯೇ ಇರಲಿಲ್ಲ, ಬಿಡಿ.

"ಅಂಜಿನಿ..."

"ಇದ್ದೀನ್ರಿ ಟೀಚರ್."

ಅವಳು ಗುರುತು ಹಾಕಿ ಪುಸ್ತಕ ಮುಚ್ಚಿದಳು. "ಇನ್ಮುಂದ ಕರೆಯೂದಿಲ್ಲ ನೋಡ್ರಿ."

"ಕರೀಬ್ಯಾಡ್ರಿ. ತಿರುಗಿ ನೋಡ್ರಿ ಸಾಕು, ಬರ್ತೀನಿ."